ಮದ್ದು ಹೊಡೆದರೂ ಕೊಳೆ ಬಂತಲ್ಲ!

ಪ್ರಶ್ನೆ: ನಮ್ಮದು ಶಿರಸಿ ಸೀಮೆಯ ಹಳೇ ಅಡಿಕೆ ತೋಟ. ಕಳೆದ ಮಳೆಗಾಲದಲ್ಲಿ ಬೋರ್ಡೋ (ತುತ್ತ-ಸುಣ್ಣದ ಮದ್ದು) ಹೊಡೆಸಿದರೂ ಕೊಳೆ (ಅಡಿಕೆ ಕಾಯಿ ಕೊಳೆತು ಉದುರುವ ರೋಗ) ಬಂತು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರಂತೂ ಕರೆದಾಗ ಸಿಗುವುದಿಲ್ಲ. ಮದ್ದು ಬದಲಿಸಬೇಕೇ?

ಉತ್ತರ: ಬೇಡ. ಮೊದಲು ಹೇಳಿ, ಮದ್ದು ಕೂಡಿಸಿದವರು ಯಾರು? ಎರಡನೇ ಸಲ ಹೊಡೆಸಿದ್ದು ಯಾವಾಗ?

100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಈ ಲೆಕ್ಕ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಎಡವುವುದು ಸುಣ್ಣದಲ್ಲಿ. ಹೋದ ವರ್ಷ ಬಾಯಿ ಬಿಚ್ಚಿ ಕೊಟ್ಟಿಗೆ ಮೂಲೆಗಿಟ್ಟ ಚೀಲದ ಸುಣ್ಣದಲ್ಲಿ ಕಸುವು ಎಲ್ಲಿರುತ್ತದೆ? ಹೊಸದನ್ನೇ ತನ್ನಿ. ತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ ಸೋಸಿ. ಡ್ರಮ್ಮು ಪ್ಲಾಸ್ಟಿಕ್ಕಿನದೇ ಇರಲಿ, ಕಬ್ಬಿಣದ್ದು ಬೇಡ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ತಿರುವಬೇಕು, ಉಲ್ಟಾ ಮಾಡಬಾರದು. ಆಮೇಲೆ ಮಸೆದ ಕತ್ತಿಯ ಅಲಗನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಕೆಂಪು ಕಾಣದಾಗುವ ತನಕ ಸುಣ್ಣದ ನೀರು ಸೇರಿಸಿ. ಕೂಡಿಸಿದ್ದನ್ನು ಅವತ್ತೇ ಖಾಲಿ ಮಾಡಿ, ನಾಳೆಗೆ ಉಳಿದದ್ದು ಅಡಿಕೆ ಕೊನೆಗೆ (ಗೊಂಚಲಿಗೆ) ಸರಿಯಾಗಿ ಅಂಟುವುದಿಲ್ಲ.

ಮೊದಲ ಮದ್ದು ಮಳೆ ಹಿಡಿಯುವ ಮುಂಚೆ. ಅದನ್ನು ಯಾರೂ ತಪ್ಪಿಸುವುದಿಲ್ಲ. ಎರಡನೆಯದು 40-45 ದಿನಕ್ಕೆ, ಅಂದರೆ ಜುಲೈ ಜಡಿಮಳೆಯ ನಡುವೆ. ಹೊಳವು (ಮಳೆಯ ಬಿಡುವು) ಸಿಕ್ಕರೆ ಜನ ಇಲ್ಲ, ಜನ ಸಿಕ್ಕರೆ ಹೊಳವಿಲ್ಲ. ಕೊಳೆ ನುಗ್ಗುವುದು ಆ ಸಂದಿನಲ್ಲೇ. ಈ ರೋಗದ ಬೀಜಾಣು ನೀರಿನಲ್ಲಿ ಈಜುತ್ತದೆ, ಮಳೆಹನಿ ಸಿಡಿದಲ್ಲಿಗೆ ಹೋಗುತ್ತದೆ. ಉದುರಿದ ಕೊಳೆ ಅಡಿಕೆ ಹೆಕ್ಕಿ ತೋಟದ ಹೊರಗೆ ಹಾಕಿ, ಮರದಲ್ಲೇ ಒಣಗಿದ ಹಳೇ ಕೊನೆ ಇಳಿಸಿ.

ಕೊನೆಗೌಡರ ಮೇಲೆ ಸುಮ್ನೆ ಸಿಟ್ಟಾಗಬೇಡಿ. ಪಾಚಿ ಕಟ್ಟಿದ ಮರದ ತುದಿಯಲ್ಲಿ ನಿಂತು ಪಕ್ಕದ ಮರಕ್ಕೆ ದಾಟುವ ಕೆಲಸ ಅದು. ಅವರ ಮಕ್ಕಳು ಪೇಟೆಯಲ್ಲಿ ನೌಕರಿ ಹಿಡಿದರೆ ತಪ್ಪೇನು? ನಮ್ಮ ಮಕ್ಕಳೂ ಅದನ್ನೇ ಮಾಡಿದ್ದಲ್ವಾ? ಈಗ ಫೈಬರ್ ದೋಟಿ (ಉದ್ದನೆಯ ಕೋಲು) ಬಂದಿದೆ, ನೆಲದಲ್ಲಿ ನಿಂತೇ ಹೊಡೆಯಬಹುದು. ಕುತ್ತಿಗೆ ನೋವು ಗ್ಯಾರಂಟಿ, ಗಾಳಿ ಇದ್ದರೆ ತುದಿ ಓಲಾಡುತ್ತದೆ. ಬೆಲೆ ಜಾಸ್ತಿ ಅನಿಸಿದರೆ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಕೊಳ್ಳಿ. ಸರದಿ ಮಾತ್ರ ಮೇ ತಿಂಗಳಲ್ಲೇ ಗೊತ್ತುಮಾಡಿ, ಜುಲೈನಲ್ಲಿ ಬಿಸಿಲು ಬಿದ್ದ ದಿನ ಎಲ್ಲರಿಗೂ ಬೇಕಾಗುತ್ತದೆ.

ಪ್ರಶ್ನೆ: ಅಡಿಕೆ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ (ಚೀಲ) ಕಟ್ಟಿದರೆ ಮದ್ದಿನ ರಗಳೆಯೇ ಇಲ್ಲವಂತೆ, ಹೌದೇ?

ಉತ್ತರ: ಮಳೆಗೆ ಮುಂಚೆ ಸರಿಯಾಗಿ ಕಟ್ಟಿದರೆ ಕೊನೆ ಒದ್ದೆಯಾಗುವುದಿಲ್ಲ, ಕೊಳೆಯೂ ಕಡಿಮೆ. ಆದರೆ ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಮರ ಹತ್ತಬೇಕಲ್ಲ, ಮಾರಾಯ್ರೆ!