ಸಣ್ಣ ಊರಿನ ಕಾದಂಬರಿ ಏಕೆ ಹಿಡಿಸುತ್ತದೆ?

ಏನೂ ನಡೆಯದ ಸಣ್ಣ ಊರಿನ ಕಥೆಯಲ್ಲಿ ಓದಲು ಏನಿದೆ ಎಂದು ಕೇಳಿದ್ದೀರಿ. ಊರು ಚಿಕ್ಕದಾದಷ್ಟೂ ಅದೇ ಮುಖಗಳು ಮತ್ತೆ ಮತ್ತೆ ಎದುರಾಗುತ್ತವೆ. ಮೊದಲ ಅಧ್ಯಾಯದಲ್ಲಿ ಸಾಲ ಮಾಡಿ ತಲೆಮರೆಸಿಕೊಂಡವನು ಹತ್ತನೆಯದರಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಸಾಲ ಕೊಟ್ಟವನ ಪಕ್ಕದಲ್ಲೇ ಕೂರಬೇಕಾಗುತ್ತದೆ. ಬೆಂಗಳೂರಿನಲ್ಲಾದರೆ ತಪ್ಪಿಸಿಕೊಳ್ಳುತ್ತಿದ್ದ! ಓದುಗನ ಖುಷಿ ಇರುವುದು ಈ ಇಕ್ಕಟ್ಟಿನಲ್ಲೇ.

1980ರಲ್ಲಿ ಬಂದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ನೋಡಿ. ಹಾರುವ ಓತಿಯ ಹುಡುಕಾಟಕ್ಕಿಂತ ನನಗೆ ಹೆಚ್ಚು ರುಚಿಸುವುದು ಮೂಡಿಗೆರೆಯ ಜೇನಿನ ವ್ಯವಹಾರ, ಮಂದಣ್ಣನ ಪೇಚಾಟಗಳು. ಊರಿನವರು ಪೆದ್ದನೆಂದು ನಗುವ ಅವನಲ್ಲಿ ವಿಜ್ಞಾನಿಯೊಬ್ಬರು ನಿಸರ್ಗಜ್ಞಾನವನ್ನು ಕಾಣುತ್ತಾರೆ.

ಚಿಕ್ಕಮಗಳೂರಿನ ಕಡೆಯವರಿಗೆ ಇನ್ನೊಂದು ಲಾಭವೂ ಇದೆ: ಜುಲೈ ತಿಂಗಳ ಜಡಿಮಳೆ, ಕರೆಂಟ್ ಹೋದ ಸಂಜೆ ಎಂದರೆ ಸಾಕು, ಹೆಚ್ಚಿನ ವಿವರಣೆ ಬೇಕಿಲ್ಲ. ಪತ್ತೇದಾರಿ ಕಥೆಯ ವೇಗ ಬೇಕೆನ್ನುವವರಿಗೆ ಮಾತ್ರ ಈ ಬಗೆಯ ಕಾದಂಬರಿ ಒಗ್ಗುವುದಿಲ್ಲ.