ಕತ್ತರಿ ಹಿಡಿಯುವ ಮೊದಲು: ಕೂದಲು, ಮನೆ, ಮನಸ್ಸು

ಪ್ರಶ್ನೆ: ನನಗೆ 25 ವರ್ಷ. ಊರು ಶಿರಸಿ ಹತ್ತಿರ, ಕೆಲಸ ಹುಬ್ಬಳ್ಳಿಯಲ್ಲಿ, ಹದಿನೈದು ದಿನಕ್ಕೊಮ್ಮೆ ಮನೆಗೆ ಹೋಗುತ್ತೇನೆ. ನನ್ನ ಜಡೆ ಸೊಂಟ ದಾಟಿದೆ, ಕಿವಿಯ ಮಟ್ಟಕ್ಕೆ ಕತ್ತರಿಸುವ ಆಸೆ. ಆಯಿ ‘ಜಾತಕ ಹೊರಗೆ ಹಾಕಿದ್ದು, ಮದ್ವೆ ಆದ್ಮೇಲೆ ಎಂತ ಬೇಕಾರೂ ಮಾಡ್ಕ್ಯ’ ಎನ್ನುತ್ತಾಳೆ. ಅಜ್ಜಿಗೆ ಕತ್ತರಿ ಎಂದರೆ ಕಣ್ಣೀರು. ನಾನು ಪ್ರೀತಿಸುವುದು ಒಬ್ಬ ಹುಡುಗಿಯನ್ನು. ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೂದಲು ಕತ್ತರಿಸಿದರೆ ಗೊತ್ತಾಗಿಬಿಡುತ್ತದೆಯೇ?
— ಹೆಸರು ಬೇಡ, ಶಿರಸಿ

ಉತ್ತರ: ಕೂದಲಿನಿಂದ ಗೊತ್ತಾಗುವುದಿಲ್ಲ. ಬಾಬ್ ಕಟ್ ಮಾಡಿಸಿಕೊಂಡ ಗೃಹಿಣಿಯರು ಶಿರಸಿ ಪೇಟೆಯಲ್ಲೇ ಬೇಕಾದಷ್ಟು ಇದ್ದಾರೆ. ಮೊಳದುದ್ದ ಜಡೆ ಹಾಕಿಕೊಂಡು ಹೆಣ್ಣನ್ನೇ ಪ್ರೀತಿಸುವವರೂ ಇದ್ದಾರೆ. ಅಪಾಯ ಇರುವುದು ಜಗಳದಲ್ಲಿ. ‘ಯಾಕೆ ಕತ್ತರಿಸಿದೆ’ ಎಂದು ಶುರುವಾದ ಮಾತು ‘ಹಾಗಾದರೆ ಮದುವೆ ಬೇಡವಾ’ ಎಂಬಲ್ಲಿಗೆ ಬರುತ್ತದೆ, ಸಿಟ್ಟಿನಲ್ಲಿ ನಿಮ್ಮ ಬಾಯಿಂದ ಎಲ್ಲವೂ ಹೊರಬೀಳುತ್ತದೆ. ಕೂದಲು, ಜಾತಕ, ಪ್ರೀತಿ ಮೂರೂ ಬೇರೆ ಬೇರೆ ಮಾತುಗಳು. ಒಂದೇ ದಿನ ಮೂರನ್ನೂ ಆಡಬೇಡಿ.

ಮೊದಲು ಜಾತಕದ ಮಾತು. ‘ಸದ್ಯ ಮದುವೆ ಬೇಡ, ಜಾತಕ ವಾಪಸು ತಗಳಿ’ ಎಂದು ಅಪ್ಪನಿಗೆ ನೇರವಾಗಿ ಹೇಳಿ. ಅದಕ್ಕೆ ಕಾರಣವಾಗಿ ಕೂದಲನ್ನು ಮುಂದೆ ಮಾಡಬೇಡಿ. ಗಿಡ್ಡ ಕೂದಲು ನೋಡಿ ಗಂಡಿನ ಕಡೆಯವರೇ ಬೇಡ ಎನ್ನಲಿ ಎಂಬ ಲೆಕ್ಕಾಚಾರ ನಿಲ್ಲುವುದಿಲ್ಲ. ‘ನಮಗೆ ಅಡ್ಡಿಲ್ಲೆ’ ಎನ್ನುವ ಮನೆ ಇಂದಲ್ಲ ನಾಳೆ ಸಿಕ್ಕೇ ಸಿಗುತ್ತದೆ.

‘ಧಾರೆಗೆ ಜಡೆ ಬೇಡವಾ’ ಎಂದು ಆಯಿ ಕೇಳಿದರೆ ಚೌರಿಯ ಮಾತೆತ್ತಿ ನೋಡಿ. ಭುಜದವರೆಗೆ ಕೂದಲಿದ್ದರೂ ಚೌರಿ ಸೇರಿಸಿ ಮೊಗ್ಗಿನ ಜಡೆ ಹಾಕಬಹುದು. ಅಷ್ಟಕ್ಕೆ ಸಮಾಧಾನವಾದರೆ ಆಯಿಯ ಚಿಂತೆ ಕೂದಲಿನದ್ದೇ. ಆಗದಿದ್ದರೆ ಅವರ ಚಿಂತೆ ನಿಮ್ಮ ಮದುವೆಯದ್ದು, ಆಗ ಕೂದಲಿನ ಬಗ್ಗೆ ವಾದ ಮಾಡಿ ಫಲವಿಲ್ಲ.

ಅಜ್ಜಿಯ ಕಣ್ಣೀರಿಗೆ ಬೇರೆಯೇ ಕಾರಣ ಇರಬಹುದು. ಘಟ್ಟದ ಮೇಲಿನ ಕೆಲವು ಮನೆತನಗಳಲ್ಲಿ ಗಂಡ ಸತ್ತ ಹೆಂಗಸಿನ ತಲೆ ಬೋಳಿಸುತ್ತಿದ್ದ ಕಾಲವನ್ನು ಆ ತಲೆಮಾರಿನವರು ಕಣ್ಣಾರೆ ಕಂಡವರು, ಇಲ್ಲವೇ ಅತ್ತೆ, ಚಿಕ್ಕಮ್ಮನ ಬಾಯಲ್ಲಿ ಕೇಳಿದವರು. ಅವರ ಪಾಲಿಗೆ ಹೆಣ್ಣಿನ ತಲೆಗೆ ಕತ್ತರಿ ತಾಗಿತೆಂದರೆ ಅದು ಶಿಕ್ಷೆ. ‘ಯಾರೂ ಕತ್ತರಿಸ್ತಾ ಇಲ್ಲ ಅಜ್ಜಿ, ನಾನೇ ಇಷ್ಟಪಟ್ಟು ಕತ್ತರಿಸಿಕೊಳ್ತಾ ಇದ್ದೇನೆ’ ಎಂಬುದನ್ನು ಅವರಿಗೆ ಮುಂಚೆಯೇ, ಎದುರು ಕೂತು ಹೇಳಬೇಕು. ಹಿಂದಿನ ವಾರ ಅವರ ಕೈಯಿಂದಲೇ ಎಣ್ಣೆ ಹಚ್ಚಿಸಿಕೊಳ್ಳಿ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಬಿಟ್ಟು ದಿನ ಆರಿಸಿ, ನಿಮಗೇನೂ ನಷ್ಟವಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಎದುರಿಗಿದ್ದರೆ ಅದು ಮುಗಿಯಲಿ. ನೆಂಟರೆಲ್ಲ ಸೇರಿದ ಅಂಗಳದಲ್ಲಿ ಈ ಚರ್ಚೆ ಬೇಡ.

ಇನ್ನು ಕತ್ತರಿ. ಒಂದೇ ಸಲಕ್ಕೆ ಕಿವಿಯವರೆಗೆ ಹೋಗಬೇಡಿ. ಮೊದಲು ಭುಜದವರೆಗೆ ಕತ್ತರಿಸಿ, ಎರಡು ತಿಂಗಳ ನಂತರ ಉಳಿದದ್ದು. ಭಾರ ಕಡಿಮೆಯಾದಾಗ ಕೂದಲಿನ ಗುಂಗುರು ಮೇಲೇಳುತ್ತದೆ, ನೆತ್ತಿಯ ಸುಳಿ ನಿಗುರುತ್ತದೆ. ಉದ್ದ ಜಡೆಯಲ್ಲಿ ಇವು ಕಾಣುವುದೇ ಇಲ್ಲ. ಮಧ್ಯದ ಎರಡು ತಿಂಗಳಲ್ಲಿ ನಿಮ್ಮ ಕೂದಲಿನ ಗುಣ ಗೊತ್ತಾಗುತ್ತದೆ, ಮನೆಯವರ ಕಣ್ಣೂ ಹೊಂದಿಕೊಳ್ಳುತ್ತದೆ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂ.ಮೀ. ಬೆಳೆಯುತ್ತದೆ. ಕಿವಿಯಿಂದ ಮತ್ತೆ ಸೊಂಟ ಮುಟ್ಟಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಇದನ್ನು ತಿಳಿದೇ ಹೊರಡಿ.

ಹಿಂದಿನ ದಿನ ತಲೆ ತೊಳೆದು ಪೂರ್ತಿ ಒಣಗಿಸಿ, ಎಣ್ಣೆ ಬೇಡ. ಒಂದೇ ಜಡೆ ಹಾಕಿ ಕುತ್ತಿಗೆಯ ಹತ್ತಿರ ಕತ್ತರಿಸಿದರೆ ಹಿಂಭಾಗ ತೀರಾ ಗಿಡ್ಡವಾಗಿ, ಹಣೆಯ ಕಡೆಯ ಕೂದಲು ಉದ್ದ ಉಳಿಯುತ್ತದೆ. ಮುಂದಿನ ಕೂದಲು ರಬ್ಬರ್ ಬ್ಯಾಂಡ್ ಮುಟ್ಟಲು ಹೆಚ್ಚು ದೂರ ಬರಬೇಕಲ್ಲ, ಅದಕ್ಕೆ. ಆದ್ದರಿಂದ ನಾಲ್ಕು ಭಾಗ ಮಾಡಿ ನಾಲ್ಕು ಜಡೆ ಹಾಕಿ, ಪ್ರತಿಯೊಂದಕ್ಕೂ ಮೇಲೆ ಕೆಳಗೆ ಬ್ಯಾಂಡ್ ಬಿಗಿದು, ಮೇಲಿನ ಬ್ಯಾಂಡಿನ ತಲೆ ಕಡೆಗೆ ಕತ್ತರಿಸಬೇಕು. ಬೇಕಾದ ಉದ್ದಕ್ಕಿಂತ 5 ಸೆಂ.ಮೀ. ಹೆಚ್ಚು ಉಳಿಸಿಕೊಳ್ಳಿ, ಸಮ ಮಾಡುವಾಗ ಅಷ್ಟು ಹೋಗುತ್ತದೆ. ಕ್ಯಾನ್ಸರ್ ರೋಗಿಗಳ ವಿಗ್ಗಿಗೆ ಕೊಡುವುದಾದರೆ ಸಾಮಾನ್ಯವಾಗಿ 12 ಇಂಚು ಕೇಳುತ್ತಾರೆ. ಅಜ್ಜಿಗೂ ಇದು ಸಮಾಧಾನ ತರಬಹುದು.

ಎರಡನೇ ಸಲ ಪಾರ್ಲರಿನಲ್ಲಿ ‘ಬಾಯ್ ಕಟ್’ ಎಂದಷ್ಟೇ ಹೇಳಿ ಕೂರಬೇಡಿ, ಒಬ್ಬೊಬ್ಬರು ಅದನ್ನು ಒಂದೊಂದು ರೀತಿ ಅರ್ಥ ಮಾಡಿಕೊಳ್ಳುತ್ತಾರೆ. ಮುಂದೆ, ಪಕ್ಕ, ಹಿಂದೆ ಮೂರೂ ಕಡೆಯ ಫೋಟೊ ತೋರಿಸಿ, ಬೆರಳಿನ ಅಳತೆಯಲ್ಲಿ ಹೇಳಿ: ನೆತ್ತಿಯಲ್ಲಿ ನಾಲ್ಕು ಬೆರಳು, ಕಿವಿಯ ಪಕ್ಕ ಎರಡು. ಸುಳಿಯ ಸುತ್ತ ಇನ್ನೂ ಒಂದು ಬೆರಳು ಹೆಚ್ಚಿರಲಿ. ಹುಬ್ಬಳ್ಳಿಯಲ್ಲೇ ಮಾಡಿಸಿ. ಆದರೆ ಸುದ್ದಿ ಮನೆಗೆ ನಿಮ್ಮ ಫೋನಿನಿಂದಲೇ ಹೋಗಲಿ, ಯಾರದ್ದೋ ವಾಟ್ಸಾಪ್ ಸ್ಟೇಟಸ್ಸಿನಿಂದ ಬೇಡ.

ಪ್ರೀತಿಯ ವಿಷಯಕ್ಕೆ ಗಡುವು ಇಲ್ಲ. ಹೇಳುವ ಮುಂಚೆ ನಿಮ್ಮೊಬ್ಬರ ಹೆಸರಿನ ಬ್ಯಾಂಕ್ ಖಾತೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪತ್ರ, ಆಧಾರ್ ಮೂಲಪ್ರತಿಗಳು, ಮೂರು ತಿಂಗಳ ಖರ್ಚು ಹುಬ್ಬಳ್ಳಿಯಲ್ಲಿ ನಿಮ್ಮ ಕೈಯಲ್ಲಿರಲಿ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಬ್ಬರು ವಯಸ್ಕರು ಒಪ್ಪಿ ನಡೆಸುವ ಸಂಬಂಧ ಅಪರಾಧವಲ್ಲ. ಮದುವೆ ನೋಂದಣಿಯ ಹಕ್ಕು ಮಾತ್ರ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಿಗಲಿಲ್ಲ. ಮನೆಯಲ್ಲಿ ನಿಮ್ಮನ್ನು ಕೂಡಿಹಾಕಿದರೆ ಗೆಳತಿ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸಿ ಎಂಬ ಅರ್ಜಿ, ಹಾಕಬಹುದು. ಇಂಥ ಅರ್ಜಿಗಳಲ್ಲಿ ಹೆತ್ತವರ ಎದುರಲ್ಲ, ಕೂಡಿಹಾಕಿಸಿಕೊಂಡವಳನ್ನು ಪ್ರತ್ಯೇಕವಾಗಿ ಕೂರಿಸಿ ಇಷ್ಟ ಕೇಳಬೇಕು, ಮನಸ್ಸು ಬದಲಿಸಲು ಕೌನ್ಸೆಲಿಂಗ್ ಮಾಡಿಸಬಾರದು ಎಂದು 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉಚಿತ ವಕೀಲರಿಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100.

ಪ್ರಶ್ನೆ: ಮಗಳಿಗೆ 20. ತಲೆಗೂದಲು ಗಂಡುಮಕ್ಕಳ ಹಾಗೆ ಕತ್ತರಿಸಿಕೊಂಡು ಬಂದಳು. ಕೇಳಿದರೆ ‘ನನಗೆ ಹುಡುಗಿಯರೇ ಇಷ್ಟ’ ಎಂದಳು. ಹತ್ತು ಸಲ ಕರೆತಂದರೆ ಸರಿಮಾಡುತ್ತೇನೆ ಎನ್ನುವ ಒಬ್ಬರ ವಿಳಾಸವನ್ನು ನೆಂಟರು ಕೊಟ್ಟಿದ್ದಾರೆ. ಹೋಗಲೇ?
— ಒಬ್ಬ ತಾಯಿ, ಅಂಕೋಲಾ

ಉತ್ತರ: ಹೋಗಬೇಡಿ ಅಮ್ಮಾ. ಸರಿಮಾಡುವಂಥದ್ದು ಅಲ್ಲಿ ಏನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ಕಾಯಿಲೆಯಲ್ಲ ಎಂದು ಬಹಿರಂಗವಾಗಿ ಹೇಳಿದೆ. ‘ಬದಲಾಯಿಸುವ’ ಚಿಕಿತ್ಸೆ ಕೊಡುವುದು ವೈದ್ಯರಿಗೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಹಣ ಪಡೆದು ಸರಿಮಾಡುತ್ತೇನೆ ಎನ್ನುವವರು ಮಗಳಿಗೆ ಕೊಡುವುದು ತನ್ನ ಮೇಲೇ ಅಸಹ್ಯವನ್ನು. ಅದರಿಂದ ಜೀವಕ್ಕೇ ಅಪಾಯವಾಗಬಹುದು.

ಫೋನ್ ಕಸಿದುಕೊಳ್ಳಬೇಡಿ, ಕಾಲೇಜು ಬಿಡಿಸಬೇಡಿ, ಅವಸರದಲ್ಲಿ ಗಂಡು ಹುಡುಕಬೇಡಿ. ಕೇಳಿದ ಮಾತಿಗೆ ಅವಳು ನಿಮಗೆ ಸತ್ಯವನ್ನೇ ಹೇಳಿದ್ದಾಳೆ, ಅಷ್ಟು ನಂಬಿಕೆ ನಿಮ್ಮ ಮೇಲಿದೆ. ಇವತ್ತು ಹೇಳಲು ಬೇರೇನೂ ತೋಚದಿದ್ದರೆ ‘ಊಟ ಮಾಡಿದ್ಯಾ’ ಎಂದಾದರೂ ಕೇಳಿ. ನೆಂಟರು ಕೂದಲಿನ ಬಗ್ಗೆ ಕೇಳಿದರೆ ‘ಅವಳಿಗೆ ಅದೇ ಇಷ್ಟ, ಚಂದ ಕಾಣ್ತದೆ’ ಎಂದಷ್ಟೇ ಸಾಕು. ಉಳಿದದ್ದನ್ನು ಯಾರಿಗೆ ಹೇಳಬೇಕು ಎಂಬುದು ಅವಳ ತೀರ್ಮಾನ. ನಿಮ್ಮ ತಂಗಿಗೆ ಹೇಳಬೇಕೆನಿಸಿದರೂ ಅವಳನ್ನು ಕೇಳಿಯೇ ಹೇಳಿ. ನಿಮ್ಮ ಸಂಕಟ ದೊಡ್ಡದೇ, ಅದನ್ನು ಅವಳ ಮೇಲೆ ಹಾಕದೆ 14416ಕ್ಕೆ ಕರೆ ಮಾಡಿ. ಸರಕಾರದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.

ಪ್ರಶ್ನೆ: ಗೆಳತಿಯೂ ನಾನೂ ಕಾರವಾರದಲ್ಲಿ ಒಂದೇ ಬಾಡಿಗೆ ಮನೆಯಲ್ಲಿದ್ದೇವೆ. ಹಬ್ಬಕ್ಕೆ ಊರಿಗೆ ಹೋದಾಗ ಜಡೆ ಕಾಣಬೇಕು, ಹಾಗಾಗಿ ಮೇಲಿನ ಕೂದಲು ಬಿಟ್ಟು ಒಳಗೆ ಮಾತ್ರ ಅಂಡರ್‌ಕಟ್ ಮಾಡಿಕೊಳ್ಳಬೇಕೆಂದಿದ್ದೇನೆ. ಟ್ರಿಮ್ಮರ್ ಹಿಡಿಯುವವಳು ಅವಳೇ. ಹೇಗೆ?
— 31, ಕಾರವಾರ

ಉತ್ತರ: ಒಂದು ಕಿವಿಯ ಮೇಲ್ತುದಿಯಿಂದ ಇನ್ನೊಂದಕ್ಕೆ, ತಲೆಯ ಹಿಂದಿನ ಉಬ್ಬುಮೂಳೆಯ ಮೇಲೆ ಹಾಯುವಂತೆ ಬೈತಲೆ ತೆಗೆಯಿರಿ. ಅದಕ್ಕಿಂತ ಮೇಲೆ ಹೋದರೆ ಗಾಳಿಗೆ ಕಾಣುತ್ತದೆ. ಮೊದಲ ಸಲ ಇನ್ನೂ ಎರಡು ಬೆರಳು ಕೆಳಗೇ ನಿಲ್ಲಿಸಿ. ಮೇಲಿನದ್ದನ್ನು ಬಿಗಿಯಾಗಿ ಗಂಟು ಕಟ್ಟಿ, ಕೆಳಗಿನದ್ದನ್ನು ಕತ್ತರಿಯಿಂದ ಒಂದಿಂಚಿಗೆ ಇಳಿಸಿ, ಆಮೇಲೆ ಟ್ರಿಮ್ಮರ್. ಉದ್ದ ಕೂದಲಿಗೇ ಹಾಕಿದರೆ ಹಲ್ಲಿಗೆ ಸಿಕ್ಕಿ ಎಳೆಯುತ್ತದೆ. ಮೊದಲು ಟ್ರಿಮ್ಮರಿನ 4ನೇ ನಂಬರ್ ಬಾಚಣಿಗೆ ಕ್ಲಿಪ್, ಅಂದರೆ ಸುಮಾರು 13 ಮಿ.ಮೀ., ಬೇಕಾದರೆ ನಂತರ 3, ಅಂದರೆ 10 ಮಿ.ಮೀ. ಕೂದಲು ಒಣಗಿರಬೇಕು, ಕೈ ಕುತ್ತಿಗೆಯಿಂದ ಮೇಲಕ್ಕೆ ಹೋಗಬೇಕು. ಬಾಚಣಿಗೆಯ ಕ್ಲಿಪ್ ಸರಿಯಾಗಿ ಕೂತಿದೆಯೇ ಎಂದು ಪ್ರತಿ ಸಲ ಒತ್ತಿ ನೋಡಲಿ, ಅದು ಕಳಚಿದರೆ ಅಲ್ಲಿ ಬೋಳು ಬೀಳುತ್ತದೆ. ಕುತ್ತಿಗೆಗೆ ರೇಜರ್ ಬೇಡ. ಕಡಲ ಊರಿನ ಬೆವರಿಗೆ ಕೂದಲು ಚರ್ಮದೊಳಗೇ ಸುರುಳಿಯಾಗಿ ಕೆಂಪು ಗುಳ್ಳೆ ಏಳುತ್ತವೆ.

ಜಡೆ ತೆಳ್ಳಗಾಗುತ್ತದೆ ಎಂಬುದು ನೆನಪಿರಲಿ. ಎತ್ತರಕ್ಕೆ ತುರುಬು ಕಟ್ಟುವಂತಿಲ್ಲ, ಕುತ್ತಿಗೆಯ ಬಳಿ ಸಡಿಲ ಜಡೆಯೇ ಗತಿ. ನೋಡುವ ಕಣ್ಣಿಗೆ ತಪ್ಪಿದರೂ ಎಣ್ಣೆ ಹಚ್ಚುವ ಕೈಗೆ ತಪ್ಪುವುದಿಲ್ಲ. ನರಕ ಚತುರ್ದಶಿಗೆ ಅಮ್ಮನೇ ತಲೆಗೆ ಎಣ್ಣೆ ಒತ್ತುವ ಮನೆಯಾದರೆ ಅಷ್ಟರೊಳಗೆ ಕೂದಲು ನಾಲ್ಕು ಸೆಂ.ಮೀ. ಆಗಿರಲಿ, ಅದಕ್ಕೆ ಮೂರು ತಿಂಗಳು ಬೇಕು. ಶ್ರಾವಣ ಬಂದ ಮೇಲೆ ಟ್ರಿಮ್ಮರ್ ಮುಟ್ಟಬೇಡಿ, ದೀಪಾವಳಿ ಮುಗಿಸಿ ಬಂದು ಮತ್ತೆ ಶುರುಮಾಡಿ.