ಗೆಳೆಯನಿಗೆ ಹೇಳಿದ ಕಂಪನಿಯ ಗುಟ್ಟು

ಈ ಪ್ರಕರಣವನ್ನು ಸಂಬಂಧಪಟ್ಟವರ ಲಿಖಿತ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ವಯಸ್ಸು, ಊರು, ಕೆಲಸದ ಸ್ವರೂಪ, ಮನೆಯ ವಿವರಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. ಅವರನ್ನು 'ಕ' ಎಂದು ಕರೆಯೋಣ.

'ಕ' ಅವರದು ಮದ್ದೂರು ಕಡೆಯ ರೈತ ಕುಟುಂಬ. ಎಂಜಿನಿಯರಿಂಗ್ ಮುಗಿಸಿ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ, ಹೊರದೇಶದ ಮೊಬೈಲ್ ತಯಾರಕರಿಗಾಗಿ ತಂತ್ರಾಂಶ ಪರೀಕ್ಷಿಸುವ ತಂಡದಲ್ಲಿದ್ದರು. ಮಾರುಕಟ್ಟೆಗೆ ಬರಲು ಇನ್ನೂ ತಿಂಗಳುಗಳಿರುವ ಫೋನುಗಳು ಅವರ ಕೈಯಲ್ಲಿ ಓಡಾಡುತ್ತಿದ್ದವು. ಆಪ್ತಸಲಹೆಗೆಂದು ಅವರನ್ನು ನನ್ನ ಬಳಿಗೆ ಕರೆತಂದವರು ಅವರ ಪತ್ನಿ. ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಾರೆ, ಊಟ ಸೇರುವುದಿಲ್ಲ, ಮಗು ಹತ್ತಿರ ಬಂದರೆ ಫೋನನ್ನು ಮಗುಚಿ ಇಡುತ್ತಾರೆ ಎಂಬುದು ಆಕೆಯ ದೂರು. ಗಂಡನಿಗೆ ಬೇರೆ ಹೆಣ್ಣಿನ ಸಂಬಂಧವಿದೆಯೇನೋ ಎಂಬ ಅನುಮಾನ ಆಕೆಗಿತ್ತು. ಅದನ್ನು ಬಾಯಿಬಿಟ್ಟು ಹೇಳದೆ, ಫೋನಿನ ವಿಷಯವನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದರು.

ಪತ್ನಿಯನ್ನು ಹೊರಗೆ ಕೂರಿಸಿ ಮಾತನಾಡಿದಾಗ ವಿಷಯ ಹೊರಬಂತು. ಕಂಪನಿಯ ಗುಟ್ಟಿನ ಮಾತು ಎಂದು ಗೊತ್ತಾದ ಕೂಡಲೇ ನಾನು ಅವರನ್ನು ತಡೆದು ಎರಡು ಸಂಗತಿಗಳನ್ನು ಹೇಳಿದೆ. ನನ್ನ ಮುಂದೆ ಆಡಿದ ಮಾತನ್ನು ನಾನಾಗಿ ಯಾರಿಗೂ ಹೇಳುವುದಿಲ್ಲವಾದರೂ, ವಕೀಲರು ಮತ್ತು ಕಕ್ಷಿದಾರರ ನಡುವಿನ ಮಾತಿಗೆ ಸಾಕ್ಷ್ಯ ಕಾನೂನು ಕೊಡುವಂಥ ರಕ್ಷಣೆ ಆಪ್ತಸಲಹೆಗಾರರ ಕೊಠಡಿಗೆ ಇಲ್ಲ. ನ್ಯಾಯಾಲಯ ಕರೆದು ಕೇಳಿದರೆ ನಾನು ಉತ್ತರಿಸಬೇಕಾಗಬಹುದು. ಎರಡನೆಯದಾಗಿ, ಆ ಫೋನಿನ ಹೆಸರಾಗಲಿ ಅದರ ವೈಶಿಷ್ಟ್ಯವಾಗಲಿ ನನಗೆ ಬೇಕಿರಲಿಲ್ಲ. ಅವರ ನಿದ್ದೆಗೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂಬುದು ಸಂಬಂಧವಿಲ್ಲದ ವಿಷಯ. ಅದನ್ನು ನನಗೆ ಹೇಳಿದರೆ ಅದೂ ಇನ್ನೊಂದು ಸೋರಿಕೆಯೇ ಆಗುತ್ತಿತ್ತು.

ನಡೆದದ್ದು ಇಷ್ಟು. 'ಕ' ಅವರ ಹಾಸ್ಟೆಲ್ ಗೆಳೆಯರೊಬ್ಬರು ಬೆಂಗಳೂರಿನಲ್ಲಿ ಮೊಬೈಲ್ ಸುದ್ದಿಯ ವಿಡಿಯೊ ಚಾನೆಲ್ ನಡೆಸುತ್ತಾರೆ. ಮೊದಮೊದಲು ಫೋನಿನಲ್ಲಿ ಹರಟುವಾಗ ಬಾಯಿತಪ್ಪಿ ಬಂದ ಒಂದೆರಡು ಮಾತು ಗೆಳೆಯನ ವಿಡಿಯೊದಲ್ಲಿ 'ನಮ್ಮ ಮೂಲಗಳ ಪ್ರಕಾರ' ಎಂದು ಕಾಣಿಸಿಕೊಂಡಿತು. ಆಮೇಲೆ ಗೆಳೆಯ ಕೇಳತೊಡಗಿದ, ಇವರು ಹೇಳತೊಡಗಿದರು. ಒಂದು ಸಂಜೆ ಪರದೆಯ ಚಿತ್ರವನ್ನೇ ಟೆಲಿಗ್ರಾಂನಲ್ಲಿ ಕಳುಹಿಸಿದರು. ಹಣ ಪಡೆದಿರಲಿಲ್ಲ. ಹಬ್ಬಕ್ಕೆಂದು ಗೆಳೆಯ ಕೊಟ್ಟ ಒಂದು ಸ್ಮಾರ್ಟ್‌ವಾಚ್ ಇತ್ತು. ಅದನ್ನು ಕಟ್ಟಿಕೊಂಡೇ ನನ್ನ ಮುಂದೆ ಕುಳಿತಿದ್ದರು, ಮಾತಿನ ನಡುವೆ ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ದುಡ್ಗೋಸ್ಕರ ಮಾಡ್ನಿಲ್ಲ ಮೇಡಂ, ಅವ್ನು ಕೇಳ್ದ, ಹೇಳ್ದೆ" ಎಂಬ ಮಾತನ್ನು ಅವರು ಹಲವು ಸಲ ಹೇಳಿದರು. ನಾನು ಅದನ್ನು ನಂಬಿದೆ. ತಂಡದ ಸಭೆಗಳಲ್ಲಿ ಇಂಗ್ಲಿಷಿಗೆ ಅಂಜಿ ಬಾಯಿ ತೆರೆಯದ, ಬಡ್ತಿಯ ಪಟ್ಟಿಯಲ್ಲಿ ಪ್ರತಿ ವರ್ಷ ಹಿಂದೆ ಉಳಿಯುತ್ತಿದ್ದ ಮನುಷ್ಯನಿಗೆ, ಲಕ್ಷಾಂತರ ಜನ ನೋಡುವ ವಿಡಿಯೊದಲ್ಲಿ ತನ್ನ ಮಾತು ಕೇಳಿಸುವುದು, ಅದೂ ತಾನು ಯಾರೆಂದು ಯಾರಿಗೂ ತಿಳಿಯದಂತೆ ಕೇಳಿಸುವುದು, ಎಂಥ ಸುಖ ಕೊಟ್ಟಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಈ ಸುಖ ಕಂಪನಿಗಳಿಗೂ ಗೊತ್ತಿರುವ ಸಂಗತಿ. 2018ರ ಏಪ್ರಿಲ್‌ನಲ್ಲಿ ಬಹಿರಂಗವಾದ ಆ್ಯಪಲ್ ಕಂಪನಿಯ ಆಂತರಿಕ ಟಿಪ್ಪಣಿಯೊಂದು, ಹಿಂದಿನ ವರ್ಷ 29 ಸೋರಿಕೆದಾರರನ್ನು ಹಿಡಿದಿದ್ದೇವೆ, ಅವರಲ್ಲಿ 12 ಮಂದಿ ಬಂಧನಕ್ಕೊಳಗಾಗಿದ್ದಾರೆ ಎಂದು ಹೇಳಿ, ಹೊರಗಿನವರು ಮಾತನಾಡಿಸಲು ಬಂದಾಗ ನೌಕರರಿಗೆ ಹೆಮ್ಮೆಯೆನಿಸಬಹುದಾದರೂ ಅವರು ಆಟದ ಕಾಯಿಗಳಾಗುತ್ತಿದ್ದಾರೆ ಎಂದು ಎಚ್ಚರಿಸಿತ್ತು. ಸೋರಿಕೆಯ ವಿರುದ್ಧದ ಆ ಟಿಪ್ಪಣಿಯೇ ಸೋರಿಕೆಯಾಗಿ ಪತ್ರಿಕೆಗೆ ತಲುಪಿತ್ತು ಎಂದು ಹೇಳಿದಾಗ, ಆ ದಿನ ಮೊದಲ ಬಾರಿಗೆ 'ಕ' ಸ್ವಲ್ಪ ನಕ್ಕರು.

ಇಷ್ಟೇ ಆಗಿದ್ದರೆ ಸಿಕ್ಕಿಬೀಳುವ ಭಯದ ಪ್ರಕರಣವಾಗುತ್ತಿತ್ತು. ಆದರೆ ನಿದ್ದೆ ಕೆಡಿಸಿದ್ದು ಬೇರೆಯೇ ಸಂಗತಿ. ಇಂಥ ಕಂಪನಿಗಳು ಪ್ರತಿಯೊಬ್ಬರಿಗೆ ಕೊಡುವ ಪರೀಕ್ಷಾ ಸಾಧನದಲ್ಲಿ ಕಣ್ಣಿಗೆ ಬೀಳದ ಸಣ್ಣ ವ್ಯತ್ಯಾಸಗಳನ್ನು ಇಟ್ಟಿರುತ್ತವೆ. ಚಿತ್ರ ಹೊರಗೆ ಬಂದರೆ ಅದು ಯಾರ ಸಾಧನದ್ದು ಎಂದು ತಿಳಿಯುತ್ತದೆ. ಆ ಸಂಜೆ 'ಕ' ಅವರ ಸಾಧನ ಚಾರ್ಜಿಗೆ ಇತ್ತು. ಅವರು ಬಳಸಿದ್ದು ಪಕ್ಕದ ಮೇಜಿನ, ಗುತ್ತಿಗೆ ಆಧಾರದ ಸಹೋದ್ಯೋಗಿಯೊಬ್ಬರ ಸಾಧನ. ಆಕೆ ನಂಜನಗೂಡಿನಿಂದ ದಿನವೂ ಬಂದುಹೋಗುತ್ತಿದ್ದವರು. ತನಿಖೆ ನೇರವಾಗಿ ಆಕೆಯ ಬಳಿ ಹೋಗಿ ನಿಂತಿತು. ಆಕೆಯ ಗುರುತಿನ ಚೀಟಿ ಪಡೆದು, ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದರು. 'ಕ' ಅದೇ ಕೋಣೆಯಲ್ಲಿ, ಎದುರಿನ ಪರದೆ ನೋಡುತ್ತಾ ಕುಳಿತಿದ್ದರು. ಆಕೆ ಹೋಗುವ ಮುನ್ನ ತನ್ನ ನೀರಿನ ಬಾಟಲಿ ಎಲ್ಲಿದೆ ಎಂದು ಇವರನ್ನೇ ಕೇಳಿದರಂತೆ.

ಅಂದಿನಿಂದ ಅವರು ರಾತ್ರಿಯೆಲ್ಲ ಇಂಥ ಪ್ರಕರಣಗಳನ್ನೇ ಹುಡುಕಿ ಓದುತ್ತಿದ್ದರು. ಗೂಗಲ್‌ನ ಸ್ವಯಂಚಾಲಿತ ಕಾರಿನ ವಿಭಾಗದಿಂದ ಸುಮಾರು 14,000 ಕಡತಗಳನ್ನು ಇಳಿಸಿಕೊಂಡ ಆರೋಪ ಹೊತ್ತ ಆಂಥನಿ ಲೆವಾಂಡೋವ್‌ಸ್ಕಿ ಎಂಬ ಎಂಜಿನಿಯರ್ ತಪ್ಪೊಪ್ಪಿಕೊಂಡು, 2020ರ ಆಗಸ್ಟ್‌ನಲ್ಲಿ 18 ತಿಂಗಳ ಸೆರೆವಾಸದ ಶಿಕ್ಷೆಗೆ ಗುರಿಯಾಗಿ, 2021ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಪಡೆದ ಕಥೆ ಅವರಿಗೆ ಬಾಯಿಪಾಠವಾಗಿತ್ತು. ಶಿಕ್ಷೆಯ ಭಾಗ ಓದಿದಾಗ ಬೆವರುವುದು, ಕ್ಷಮೆಯ ಭಾಗ ಓದಿದಾಗ ಸಮಾಧಾನಪಡುವುದು, ಹೀಗೆ ಬೆಳಗಾಗುತ್ತಿತ್ತು. ಹೆಬ್ಬಾಳದ ನೌಕರನಿಗೆ ಕ್ಷಮಾದಾನ ಕೊಡಲು ಯಾವ ಅಧ್ಯಕ್ಷರೂ ಬರುವುದಿಲ್ಲ ಎಂದು ನಾನು ಹೇಳಿದ್ದು ಸ್ವಲ್ಪ ಒರಟಾಗಿಯೇ ಇತ್ತು, ಆದರೆ ಆ ಹುಡುಕಾಟ ನಿಲ್ಲಬೇಕಿತ್ತು.

ಒಂದು ಹಂತದಲ್ಲಿ ಅವರು ಜನರಿಗೆ ತಿಳಿಯುವ ಹಕ್ಕಿಲ್ಲವೇ ಎಂಬ ವಾದ ಮುಂದಿಟ್ಟರು. ಬ್ಯಾಟರಿ ಹೊತ್ತಿಕೊಳ್ಳುತ್ತದೆಂದು ಗೊತ್ತಿದ್ದೂ ಕಂಪನಿ ಮುಚ್ಚಿಟ್ಟಿದ್ದರೆ ಅದು ಬೇರೆ ಮಾತು. ಅಂಥ ದೂರುಗಳಿಗೆಂದೇ 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಗಳು ಒಂದು ವ್ಯವಸ್ಥೆ ಇಟ್ಟುಕೊಳ್ಳಬೇಕು ಎನ್ನುತ್ತದೆ. ಮುಂದಿನ ಫೋನಿನ ಬಣ್ಣ ಯಾವುದೆಂದು ಜನ ಮೂರು ತಿಂಗಳು ಮೊದಲೇ ತಿಳಿಯದೆ ಹೋದರೆ ಯಾರಿಗೂ ನಷ್ಟವಿಲ್ಲ. ಈ ವಾದವನ್ನು ಅವರು ಮತ್ತೆ ಎತ್ತಲಿಲ್ಲ.

ಜೀವ ಬೇಡವೆನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ. ಎಲ್ಲಾದರೂ ಹೋಗಿಬಿಡಬೇಕು ಅನ್ನಿಸುತ್ತದೆ, ಅದಕ್ಕಿಂತ ಮುಂದೆ ಯೋಚಿಸಿಲ್ಲ ಎಂದರು. ಹಗಲಿರುಳೂ ಕನ್ನಡದಲ್ಲಿಯೂ ದೊರೆಯುವ ಟೆಲಿ-ಮಾನಸ್ ಸಹಾಯವಾಣಿ 14416ನ್ನು ಅವರ ಫೋನಿನಲ್ಲಿ ನನ್ನ ಎದುರೇ ಉಳಿಸಿಕೊಳ್ಳುವಂತೆ ಹೇಳಿದೆ; ನಿದ್ದೆಯ ವಿಷಯಕ್ಕೆ ಮನೋವೈದ್ಯರ ಬಳಿ ಕಳುಹಿಸಿದೆ. ಮಾತ್ರೆ ನಿದ್ದೆ ತರುತ್ತದೆ, ಆದರೆ ತನ್ನ ತಪ್ಪಿಗೆ ಇನ್ನೊಬ್ಬಾಕೆ ಮನೆಯಲ್ಲಿ ಕುಳಿತಿರುವವರೆಗೆ ಎಚ್ಚರವಾದ ಮೇಲಿನ ಹೊತ್ತನ್ನು ಯಾವ ಮಾತ್ರೆಯೂ ಸುಲಭಗೊಳಿಸದು ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು, ಹಾಗೆಂದು ಅವರಿಗೆ ಹೇಳಿದೆ. ಆದರೆ ಅವರ ಬದಲು ನಾನು ಆಕೆಗಾಗಲಿ ಕಂಪನಿಗಾಗಲಿ ತಿಳಿಸುವಂತಿರಲಿಲ್ಲ.

ಅವರ ಮನಸ್ಸಿನಲ್ಲಿದ್ದ ಯೋಜನೆ ಬೇರೆಯಾಗಿತ್ತು: ಫೋನನ್ನು ಪೂರ್ತಿ ಅಳಿಸುವುದು, ಗೆಳೆಯನಿಗೆ ಹೇಳಿ ವಿಡಿಯೊ ತೆಗೆಸುವುದು, ತಾಯಿಗೆ ಹುಷಾರಿಲ್ಲವೆಂದು ರಾಜೀನಾಮೆ ಕೊಟ್ಟು ಊರಿಗೆ ಹೋಗುವುದು. ಮೂರಕ್ಕೂ ಬೇಡವೆಂದೆ. ಸಾಕ್ಷ್ಯವಾಗಬಹುದಾದ ದಾಖಲೆಯನ್ನು ಬೇಕೆಂದೇ ನಾಶಮಾಡುವುದು ಪ್ರತ್ಯೇಕ ಅಪರಾಧವಾಗಬಹುದು, ಇವರು ಅಳಿಸಿದರೂ ಗೆಳೆಯನ ಫೋನಿನಲ್ಲಿ ಅದೇ ಸಂದೇಶ ಉಳಿದಿರುತ್ತದೆ. ಗೆಳೆಯನಿಗೆ ಈಗ ಕಳುಹಿಸುವ ಯಾವ ಸಂದೇಶವಾದರೂ ಇಬ್ಬರೂ ಸೇರಿ ಮುಚ್ಚಿಹಾಕಲು ನೋಡಿದರು ಎಂದೇ ಓದಿಸಿಕೊಳ್ಳುತ್ತದೆ. ಇನ್ನು ರಾಜೀನಾಮೆ ಕೊಟ್ಟರೆ ಇವರು ಕೋಣೆಯಿಂದ ಹೊರಗೆ ಬರುತ್ತಾರೆಯೇ ಹೊರತು ಆಕೆಯ ಮೇಲಿನ ಆರೋಪ ಹಾಗೆಯೇ ಉಳಿಯುತ್ತದೆ.

ಬದಲಿಗೆ, ಎಚ್‌ಆರ್ ವಿಭಾಗಕ್ಕೆ ಅಳುತ್ತಾ ಹೋಗಿ ಬಾಯಿಮಾತಿನಲ್ಲಿ ಒಪ್ಪಿಕೊಳ್ಳುವ ಮೊದಲು ವಕೀಲರನ್ನು ಕಾಣಲು ಹೇಳಿದೆ. ಅವರು ಕಂಡ ವಕೀಲರು ಕಾನೂನನ್ನು ಬಿಡಿಸಿ ಹೇಳಿದ್ದರಿಂದಲೇ ಅರ್ಧ ಭಯ ಇಳಿಯಿತು. ವ್ಯಾಪಾರ ರಹಸ್ಯಕ್ಕೆಂದೇ ಪ್ರತ್ಯೇಕ ಕಾಯ್ದೆ ಬೇಕೆಂದು ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿದೆಯಾದರೂ, ಇಂಥ ಪ್ರಕರಣಗಳು ಸಾಮಾನ್ಯವಾಗಿ ಗೌಪ್ಯತಾ ಒಪ್ಪಂದದ ಉಲ್ಲಂಘನೆಯಾಗಿ ನಡೆಯುತ್ತವೆ. ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್, ಅಪ್ರಾಮಾಣಿಕವಾಗಿ ಅನುಮತಿಯಿಲ್ಲದೆ ದತ್ತಾಂಶ ನಕಲು ಮಾಡಿದವರಿಗೆ 3 ವರ್ಷದವರೆಗೆ ಸೆರೆ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಈ ಕ್ಷೇತ್ರದಲ್ಲೇ ದುಡಿಯಬಾರದು ಎಂಬ ಷರತ್ತಿಗೆ ಸಹಿ ಹಾಕಿದ್ದರಿಂದ ತನ್ನ ಅನ್ನವೇ ಹೋಯಿತೆಂದು 'ಕ' ತಿಳಿದಿದ್ದರು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಂಥ ಷರತ್ತು ಊರ್ಜಿತವಾಗುವುದಿಲ್ಲ, ಗುಟ್ಟು ಕಾಯುವ ಹೊಣೆ ಮಾತ್ರ ಕೆಲಸ ಬಿಟ್ಟರೂ ಮುಂದುವರಿಯುತ್ತದೆ ಎಂದು ವಕೀಲರು ವಿವರಿಸಿದರು.

ಕಂಪನಿಗೆ ಕೊಡಬೇಕಾದ ಪತ್ರವನ್ನು ವಕೀಲರೇ ತಿದ್ದಿದರು. ನಾನು ಒತ್ತಾಯಿಸಿದ್ದು ಒಂದೇ ಒಂದು ವಾಕ್ಯಕ್ಕೆ: ಸಹೋದ್ಯೋಗಿಯ ಸಾಧನವನ್ನು ಆಕೆಗೆ ತಿಳಿಯದಂತೆ ನಾನು ಬಳಸಿದೆ, ಇದರಲ್ಲಿ ಆಕೆಯ ಪಾತ್ರವಿಲ್ಲ. 'ಕ' ಬರೆದ ಮೊದಲ ಕರಡಿನಲ್ಲಿ ಒತ್ತಡ, ಮನೆ ಸಾಲ, ಗೆಳೆಯನ ಒತ್ತಾಯ ಎಲ್ಲವೂ ಇದ್ದು ಈ ವಾಕ್ಯ ಕೊನೆಯ ಪುಟದಲ್ಲಿತ್ತು. ಅದು ಮೊದಲ ಪ್ಯಾರಾಕ್ಕೆ ಬಂದ ಮೇಲೆ ಉಳಿದ ಬಹುಪಾಲು ತಾನಾಗಿ ಬಿದ್ದುಹೋಯಿತು.

ಪತ್ರ ಹೋಗುವ ಮುನ್ನ ಪತ್ನಿಗೆ ತಿಳಿಯಬೇಕು ಎಂಬುದು ನನ್ನ ಷರತ್ತು. ನನ್ನ ಕೊಠಡಿಯಲ್ಲೇ ಹೇಳಿದರು. ಬೇರೆ ಹೆಣ್ಣಿಲ್ಲ ಎಂದು ಗೊತ್ತಾದ ಕ್ಷಣದಲ್ಲಿ ಆಕೆಯ ಮುಖ ಸಡಿಲವಾಯಿತು, ಆಮೇಲೆ ಕೋಪ ಬಂತು; ನಂಜನಗೂಡಿನ ಆ ಹುಡುಗಿಗೆ ಮದುವೆ ಮಾತುಕತೆ ನಡೆಯುತ್ತಿತ್ತಲ್ಲ ಎಂದು ಆಕೆ ಕೇಳಿದ ಪ್ರಶ್ನೆಗೆ 'ಕ' ಬಳಿ ಉತ್ತರವಿರಲಿಲ್ಲ. ಕೆಲವು ವಾರ ಮಗುವಿನೊಂದಿಗೆ ಶ್ರೀರಂಗಪಟ್ಟಣದ ತವರಿಗೆ ಹೋಗಿ ಬಂದರು. ಆ ನಡುವೆ 'ಕ' ತಂದೆಗೂ ವಿಷಯ ತಿಳಿಸಿದರು. ಮಗನ ಕಂಪನಿಯ ಹೆಸರನ್ನು ಊರಿನ ಅರಳಿಕಟ್ಟೆಯಲ್ಲಿ ಹೇಳಿಕೊಂಡು ಬಂದಿದ್ದ ಆ ಹಿರಿಯರು ಸಾಲ ಎಷ್ಟಿದೆ ಎಂದಷ್ಟೇ ಕೇಳಿದರಂತೆ.

ಕಂಪನಿ 'ಕ' ಅವರನ್ನು ಕೆಲಸದಿಂದ ವಜಾ ಮಾಡಿತು, ಮುಚ್ಚಳಿಕೆ ಬರೆಸಿಕೊಂಡಿತು, ನಷ್ಟ ಪರಿಹಾರ ಕೇಳುವ ಹಕ್ಕನ್ನು ಉಳಿಸಿಕೊಂಡಿತು. ಈವರೆಗೆ ಪೊಲೀಸ್ ದೂರು ಕೊಟ್ಟಿಲ್ಲ. ಸಹೋದ್ಯೋಗಿಯನ್ನು ಆರೋಪದಿಂದ ಮುಕ್ತಗೊಳಿಸಿದರೂ, ಗುತ್ತಿಗೆ ಸಂಸ್ಥೆ ಆಕೆಯನ್ನು ಬೇರೆ ಕಡೆಗೆ ಕಳುಹಿಸಿತು. ಇದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಆಕೆಯ ಸ್ಥಾನದಲ್ಲಿ ಸಿಲುಕಿಕೊಳ್ಳುವ ಓದುಗರಿಗೆ ಇಷ್ಟು ಗೊತ್ತಿರಲಿ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಜಿಲ್ಲಾ ಪ್ರಾಧಿಕಾರದಿಂದ ಉಚಿತ ಕಾನೂನು ನೆರವು ಸಿಗುತ್ತದೆ; ವಿಚಾರಣೆಯ ಮೊದಲ ದಿನವೇ ಆರೋಪವನ್ನು ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಕೊಡಬೇಕು.

'ಕ' ಆಕೆಗೆ ಕ್ಷಮೆ ಕೇಳಿ ಪತ್ರ ಬರೆಯಲು ಬಯಸಿದರು. ವಕೀಲರು ಒಪ್ಪಿದ ಮೇಲೆ, ಕ್ಷಮಿಸಿ ಎಂಬ ಬೇಡಿಕೆಯಿಲ್ಲದೆ, ತಾನು ಮಾಡಿದ್ದೇನು, ಅದನ್ನು ಕಂಪನಿಗೆ ಹೇಗೆ ತಿಳಿಸಿದ್ದೇನೆ ಎಂಬುದನ್ನಷ್ಟೇ ಬರೆಯಲು ಹೇಳಿದೆ. ಉತ್ತರ ಬಂದಿಲ್ಲ. ಎರಡನೆಯ ಪತ್ರ ಬೇಡ, ಯಾರ ಮೂಲಕವೂ ಹೇಳಿಕಳುಹಿಸುವುದು ಬೇಡ ಎಂದಿದ್ದೇನೆ.

ಅವರೀಗ ಕೆಲಸ ಹುಡುಕುತ್ತಿದ್ದಾರೆ. ಹಿಂದಿನ ಕೆಲಸ ಏಕೆ ಹೋಯಿತು ಎಂಬ ಪ್ರಶ್ನೆಗೆ ಸುಳ್ಳು ಹೇಳಿದರೆ ಹಿನ್ನೆಲೆ ಪರಿಶೀಲನೆಯಲ್ಲಿ ಹೊರಬೀಳುತ್ತದೆ. ಗೌಪ್ಯತೆಯ ನಿಯಮ ಮುರಿದಿದ್ದರಿಂದ ವಜಾ ಆದೆ, ನಾನೇ ಒಪ್ಪಿಕೊಂಡೆ, ಹೆಚ್ಚಿನ ವಿವರ ಹೇಳುವ ಹಕ್ಕು ನನಗಿಲ್ಲ ಎಂಬ ಉತ್ತರವನ್ನು ನಾವಿಬ್ಬರೂ ಸೇರಿ ಅಭ್ಯಾಸ ಮಾಡಿದ್ದೇವೆ. ಮೊದಲ ಸಂದರ್ಶನದಲ್ಲಿ ಆ ಉತ್ತರ ಕೇಳಿ ಮಾತು ಮುಗಿಸಿದರು. ಮತ್ತೊಂದು ಕಡೆ, ಗೌಪ್ಯ ದತ್ತಾಂಶವಿಲ್ಲದ ವಿಭಾಗವೊಂದರಲ್ಲಿ, ಕಡಿಮೆ ಸಂಬಳಕ್ಕೆ ಮಾತುಕತೆ ನಡೆಯುತ್ತಿದೆ.